ಲೊಸಲೀನೆ ಅಳಿಸದೆ ಬಿಟ್ಟ ಮುಖ

ಪೆಸಿಫಿಕ್ ಕಡಲಿನ ಟೊಂಗಾ ದ್ವೀಪದೇಶದ ಆ ಬೀದಿಯಲ್ಲಿ ಚಾಪೆ ಹೆಣೆಯುವ ಲೊಸಲೀನೆಯಷ್ಟು ಕಟ್ಟುನಿಟ್ಟಿನ ಹೆಂಗಸು ಇನ್ನೊಬ್ಬಳಿರಲಿಲ್ಲ. ಅವಳು ಕೂತ ಕೋಣೆಗೆ ತಮ್ಮ ಸೆಮಿಸಿ ಕಾಲಿಡುವಂತಿರಲಿಲ್ಲ. ಅಲ್ಲಿಯ ಸಂಪ್ರದಾಯದಲ್ಲಿ ಅಕ್ಕ ತಮ್ಮ ಒಂದೇ ಟೀವಿ ಪರದೆ ನೋಡುತ್ತ ಕೂರುವುದುಂಟೆ? ಅವರ ಮಾತೂ ಸೆಮಿಸಿಯ ಹೆಂಡತಿ ಕಲೇಸಿಯ ಬಾಯಿಂದಲೇ ದಾಟಬೇಕು.

ಮನೆಗೆಲ್ಲ ಒಂದೇ ಕಂಪ್ಯೂಟರ್. ನೋಡಿದ ಚಿತ್ರಗಳ ನಕಲನ್ನು ಬ್ರೌಸರ್ ಒಳಗೇ ಎತ್ತಿಟ್ಟುಕೊಳ್ಳುತ್ತದೆ, ಮತ್ತೆ ದೂರದಿಂದ ತರುವ ಕಷ್ಟ ತಪ್ಪಲಿ ಎಂದು. ಕಲೇಸಿ ಇದನ್ನು ಹೇಳಿದ ದಿನ ಲೊಸಲೀನೆ ಹೌಹಾರಿದಳು.

"ಅಯ್ಯಯ್ಯೋ! ನಾನ್ ನೋಡಿದ್ದೆಲ್ಲಾ ತಮ್ಮನ ಕಣ್ಣಿಗೆ ಬೀಳುತ್ತಾ?"

"ಟೆಂಪರರಿ ಫೈಲು ಅಷ್ಟೇ ಅತ್ತಿಗೆ. ಜಾಗ ತುಂಬಿ ಮಿಷನ್ನು ಕುಂಟೋಕೆ ಶುರುವಾದ್ರೆ ಅಳಿಸಿದ್ರಾಯ್ತು."

ಕುಂಟುವವರೆಗೆ ಕಾಯುವ ಜೀವವೇ ಅದು? ಅಂದಿನಿಂದ ಅವಳು ಅಳಿಸದೆ ಎದ್ದದ್ದಿಲ್ಲ. ಸೆಮಿಸಿಯೂ ಹಾಗೆಯೇ. ಅಷ್ಟು ಮರ್ಯಾದೆಯಿಂದ ಗುಡಿಸಿದ ಕಂಪ್ಯೂಟರ್ ಇಡೀ ದ್ವೀಪದಲ್ಲಿರಲಿಲ್ಲ. ಪ್ರತಿ ಪುಟವನ್ನೂ ಹೊಸದಾಗಿ ತರಬೇಕಾಗಿ ಅದು ಆಮೆಯಾಯಿತು, ಅದು ಬೇರೆ ಮಾತು.

ಆಕ್ಲೆಂಡಿನಲ್ಲಿದ್ದ ಕಿರಿಯ ತಮ್ಮ ಮಾಕನಿಗೆ ತಿಂಗಳು ತುಂಬುವ ಮೊದಲೇ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು, ಉಳಿಯುವ ಭರವಸೆ ಇರಲಿಲ್ಲ. ಹೆಸರಿಡುವ ಹಕ್ಕು ಸೋದರತ್ತೆಯದು. ಮುಖ ನೋಡದೆ ಹೆಸರು ಬಾಯಿಗೆ ಬಾರದು ಎಂದಳು ಲೊಸಲೀನೆ. ಮಾಕ ಇಂಟರ್‌ನೆಟ್‌ನಲ್ಲಿ ಮಗುವಿನ ಚಿತ್ರ ಹಾಕಿದ. ಮೊದಲು ಕಂಪ್ಯೂಟರ್ ಮುಂದೆ ಕೂತು ಅದನ್ನು ನೋಡಿದವನು ಸೆಮಿಸಿ. ಅವನು ಎದ್ದು ಅಕ್ಕನಿಗೆ ಹೇಳಿಕಳಿಸುವಷ್ಟರಲ್ಲಿ ಕಡಲೊಳಗಿನ ಬೆಂಕಿಬೆಟ್ಟ ಸಿಡಿಯಿತು. ಹಗಲೇ ಕತ್ತಲಾಗಿ ಬೂದಿ ಸುರಿಯಿತು, ಕರೆಂಟು ಹೋಯಿತು, ಇಂಟರ್‌ನೆಟ್ ತರುವ ನೀರಡಿಯ ಕೇಬಲ್ಲೂ ತುಂಡಾಯಿತು. ಹೆಸರಿಲ್ಲದೆಯೇ ಮಗು ಹೋಗಿಬಿಟ್ಟರೆ? ಲೊಸಲೀನೆಗೆ ಅನ್ನ ನೀರು ಸೇರಲಿಲ್ಲ.

ಕರೆಂಟು ಬಂದಾಗ ಇಂಟರ್‌ನೆಟ್ ಬರಲಿಲ್ಲ. ಆದರೂ ಆಸೆಯಿಂದ ಕಂಪ್ಯೂಟರ್ ಮುಂದೆ ಕೂತಳು. ಒಳಗೆ ತಮ್ಮ ನೋಡಿದ್ದೆಲ್ಲ ಹಾಗೇ ಇತ್ತು.

"ಕಲೇಸೀ, ನಿನ್ನ ಗಂಡನಿಗೆ ನಾಚಿಕೆ ಇಲ್ವೇನೇ? ಅಳಿಸೇ ಇಲ್ಲ! ನಾನೇ ಅಳಿಸ್ತೀನಿ."

ಜಗಲಿಯಿಂದ ಸೆಮಿಸಿ ಕೂಗಿದ. ಹೆಂಡತಿಯ ಬಾಯಿಂದಲ್ಲ, ನೇರವಾಗಿ.

"ಅಕ್ಕಾ, ಬೇಡ! ಪಾಪು ಅದ್ರೊಳಗೇ ಇದೆ. ನಿಂಗೆ ಬೇಗ ತೆರ್ಕೊಳ್ಳಲಿ ಅಂತ ಬಿಟ್ಟಿದ್ದೆ."

ಲೊಸಲೀನೆಯ ಕೈ ಅಲ್ಲೇ ನಿಂತಿತು. ಕಲೇಸಿ ಓಡಿಬಂದು ಚಿತ್ರ ತೆರೆದಳು. ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು, ಮುಷ್ಟಿ ಬಿಗಿಹಿಡಿದ ಮಗು. ಹೊರಗಿನ ಲೋಕಕ್ಕೆ ಒಂದು ಎಳೆ ದಾರಿಯಿಲ್ಲ, ಮಗು ಮಾತ್ರ ಇಷ್ಟು ದಿನವೂ ಮನೆಯೊಳಗೇ ಇತ್ತು.

"ಇದನ್ನಾ ನಾನು ದಿನಾ ಕಸ ಅಂತ ಗುಡಿಸ್ತಿದ್ದಿದ್ದು?"

"ಟೆಂಪರರಿ ಅಲ್ವಾ ಅತ್ತಿಗೆ. ಇವತ್ತಿರುತ್ತೆ, ನಾಳೆ ಹೋಗುತ್ತೆ."

"ಬಾಯ್ಮುಚ್ಚು!"

ಊರಿಗೊಂದೇ ಇದ್ದ ಸ್ಯಾಟಲೈಟ್ ಫೋನಿನ ಸಾಲಿನಲ್ಲಿ ಜನ ಅವಳಿಗೆ ದಾರಿ ಬಿಟ್ಟರು. ಮಾಕ "ಅಕ್ಕಾ" ಎನ್ನುವ ಮೊದಲೇ ಅವಳು ಹೆಸರು ಹೇಳಿದಳು.

"ತುಉಮಉ."

ಅವರ ಮಾತಿನಲ್ಲಿ ಹಾಗೆಂದರೆ, ಎಲ್ಲಿಗೂ ಹೋಗದೆ ನಿಲ್ಲುವಂಥದ್ದು.