ಸಬ್‌ಮರೀನಿಗೆ ಬಂದ ಅತ್ತೆಯ ಕೂಗು

ದೂರದಲ್ಲಿದ್ದವರ ಧ್ವನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ, ಮೊದಲು ಕಿವಿ ತೋರಿಸಿಕೊಂಡು ಬನ್ನಿ ಎನ್ನುತ್ತಿದ್ದವನು ನಾನು. ಈಗ ಅದೇ ಮಾತನ್ನು ನೀವು ನನಗೆ ಹೇಳಬಹುದು. ಬೇಸರವಿಲ್ಲ.

ಆಗ ನಾನು ನೌಕಾಪಡೆಯ ಸಬ್‌ಮರೀನೊಂದರಲ್ಲಿ ಮಾಸ್ಟರ್ ಚೀಫ್. ಅಂದರೆ ಅಧಿಕಾರಿಯಲ್ಲ, ನಾವಿಕರಲ್ಲೇ ಎಲ್ಲರಿಗಿಂತ ಹಿರಿಯ. ಯಾರು ಎಲ್ಲಿ ಮಲಗಬೇಕು, ಯಾರ ಜಗಳ ಹೇಗೆ ಬಿಡಿಸಬೇಕು, ಸಾಹೇಬರ ಸಿಟ್ಟನ್ನು ಹುಡುಗರಿಗೆ ಎಷ್ಟು ಮುಟ್ಟಿಸಬೇಕು, ಎಲ್ಲವೂ ನನ್ನ ತಲೆಯ ಮೇಲೆ. ದೊಡ್ಡ ಮನೆತನದ ಹಿರಿಸೊಸೆಯ ಕೆಲಸವೆನ್ನಿ. ನೀರೊಳಗೆ ಇಳಿಯುವ ಮುನ್ನ ಮೇಲಿನ ಮುಚ್ಚಳ ಭದ್ರವಾಗಿದೆ ಎಂದು ಕ್ಯಾಪ್ಟನ್ನರಿಗೆ ಕೊನೆಯ ಮಾತು ಕೊಡುವವನೂ ನಾನೇ.

ಅಂದು ಕಾರಹುಣ್ಣಿಮೆ. ಮಧ್ಯಾಹ್ನ ಮುಚ್ಚಳ ಹಾಕಿಯಾಗಿತ್ತು, ಮುಚ್ಚಿದೆ ಎಂದು ತೋರಿಸುವ ಹಸಿರು ದೀಪವೂ ಹತ್ತಿತ್ತು. ಭದ್ರವಾಗಿದೆ ಎನ್ನಲು ಬಾಯಿ ತೆರೆದೆ. ಬೆನ್ನ ಹಿಂದೆಯೇ ನನ್ನ ಅತ್ತೆಯ ಧ್ವನಿ ಕೇಳಿಸಿತು.

"ಏಳಲೇ, ಬೆಳಕಿಂಡಿ ಮುಚ್ಚು. ಮಳಿ ಬಂತು."

ಅತ್ತೆ ಇದ್ದದ್ದು ಗಜೇಂದ್ರಗಡದ ಹತ್ತಿರದ ಲಕ್ಕಲಕಟ್ಟಿಯಲ್ಲಿ, ಗಟ್ಟಿಮುಟ್ಟಾಗಿ. ಅವರ ಮನೆಯ ಮಣ್ಣಿನ ಮಾಳಿಗೆಯಲ್ಲಿ ಬೆಳಕಿಗೆಂದು ಬಿಟ್ಟ ಕಿಂಡಿಯನ್ನು ಮೋಡ ಕಂಡೊಡನೆ ಮೇಲೆ ಹತ್ತಿ ಮುಚ್ಚಬೇಕು. ಅದು ಸರಿ. ಆದರೆ ಅಳಿಯನನ್ನು ಅವರು ಎಂದೂ ಹೀಗೆ ಗದರಿದವರಲ್ಲ.

ಕ್ಯಾಪ್ಟನ್ ಕಾಯುತ್ತಿದ್ದರು. ಅತ್ತೆ ಕೂಗಿದರು ಎಂದರೆ ನನ್ನ ಮರ್ಯಾದೆ ಎಲ್ಲರಿಗಿಂತ ಮೊದಲು ಮುಳುಗುತ್ತಿತ್ತು. ಸುಮ್ಮನಿರಲೂ ಧೈರ್ಯವಾಗಲಿಲ್ಲ. ಇನ್ನೊಮ್ಮೆ ನೋಡುತ್ತೇನೆ ಎಂದು ಏಣಿ ಹತ್ತಿದೆ. ಕೆಳಗೆ ಹುಡುಗರು ಮುಸಿಮುಸಿ ನಗುತ್ತಿದ್ದರು. ಅಂಚಿನ ಸುತ್ತ ಕೈಯಾಡಿಸಿದಾಗ, ಒರೆಸುವ ಬಟ್ಟೆಯ ತುದಿಯೊಂದು ಮುಚ್ಚಳದಡಿ ಸಿಕ್ಕಿಕೊಂಡಿರುವುದು ಗೊತ್ತಾಯಿತು. ಹಾಗೇ ಇಳಿದಿದ್ದರೆ ಸಮುದ್ರ ಒಳಗೆ ನುಗ್ಗುತ್ತಿತ್ತು. ನಗು ನಿಂತಿತು. ಬಟ್ಟೆ ತೆಗೆದು, ಮುಚ್ಚಳವನ್ನು ಮತ್ತೆ ಬಿಗಿದು, ಕೆಳಗಿಳಿದು ಭದ್ರವಾಗಿದೆ ಎಂದೆ.

ರಜೆ ಸಿಕ್ಕೊಡನೆ ಲಕ್ಕಲಕಟ್ಟಿಗೆ ಹೋಗಿ ಅತ್ತೆಯ ಕಾಲಿಗೆ ಬಿದ್ದೆ. ನಮ್ಮೆಲ್ಲರ ಜೀವ ಉಳಿಸಿದಿರಿ ಎಂದು ನಡೆದದ್ದನ್ನು ಹೇಳಿದೆ. ಅವರು ಗೋಡೆಗೊರಗಿ ಕುಳಿತಿದ್ದ ಮಗನನ್ನು, ಅಂದರೆ ನನ್ನ ಹೆಂಡತಿಯ ತಮ್ಮನನ್ನು, ದುರುಗುಟ್ಟಿ ನೋಡಿದರು.

"ಕಾರಹುಣ್ಣಿವಿ ದಿನ ನಾ ಒದರಿದ್ದು ಈ ಮಬ್ಬಗ ರೀ. ಹೋಳಗಿ ಉಂಡು ಇಲ್ಲೇ ಮಗ್ಗಲದಾಗ ಮಲಗಿದ್ದ, ಏಳಲಿಲ್ಲ. ಜ್ವಾಳ ಎಲ್ಲಾ ತೋಯ್ತು."

"ಮಾಮಾಗ ಕೇಳ್ತಲ್ಲ ಬೇ," ಎಂದ ಆ ಮಹಾನುಭಾವ.

ಅತ್ತೆಗೆ ನಮ್ಮ ಜೀವಕ್ಕಿಂತ ಜೋಳದ ಸಂಕಟವೇ ದೊಡ್ಡದಾಗಿತ್ತು. ಆ ಕೂಗು ಅಷ್ಟು ದೂರ ಹೇಗೆ ಬಂತೆಂದು ನನಗೆ ಇಂದಿಗೂ ತಿಳಿದಿಲ್ಲ. ನಿವೃತ್ತನಾಗಿ ಈಗ ಅದೇ ಊರಲ್ಲಿದ್ದೇನೆ. ಮೋಡ ಕವಿದರೆ ಅತ್ತೆ ಬಾಯಿ ತೆರೆಯುವ ಮೊದಲೇ ಮಾಳಿಗೆ ಹತ್ತಿರುತ್ತೇನೆ. ಭಾವಮೈದುನನಿಗೆ ಇನ್ನೂ ಕೇಳಿಸುವುದಿಲ್ಲ.