ದನದ ಕೊಟ್ಟಿಗೆ ಎಂದು ಬರೆಸಿದ ಮನೆ

ಕಾದ ಮರಳಿನಲ್ಲಿ ಅಕ್ಕಿ ಅರಳುವ ವಾಸನೆ ಎಲ್ಲಿ ಬಂದರೂ ನನಗೆ ಮೊದಲು ಬಾಯಲ್ಲಿ ನೀರೂರುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಗುಬ್ಬಿಯ ಪೇಟೆ ಬೀದಿಯಲ್ಲಿ ನಾವು ಬಾಡಿಗೆಗಿದ್ದದ್ದು ರುದ್ರಣ್ಣನವರ ದೊಡ್ಡ ಮನೆಗೆ ಅಂಟಿಕೊಂಡಿದ್ದ ಎರಡು ಹೆಂಚಿನ ಅಂಕಣಗಳಲ್ಲಿ. ಬೀದಿಯ ಕಡೆಯದರಲ್ಲಿ ಕಡ್ಲೆಪುರಿ ಭಟ್ಟಿ, ಒಳಗಿನದರಲ್ಲಿ ಅಪ್ಪ, ಅವ್ವ, ನಾನು. ಭತ್ತದ ಹೊಟ್ಟಿನ ಉರಿ ಹತ್ತಿಕೊಂಡರೆ ಗೋಡೆಯೆಲ್ಲ ಬೆಚ್ಚಗಾಗುತ್ತಿತ್ತು. ಚಳಿಗಾಲದಲ್ಲಿ ನಾನು ಆ ಗೋಡೆಗೆ ಬೆನ್ನು ಕೊಟ್ಟು ಮಗ್ಗಿ ಓದುತ್ತಿದ್ದೆ. ಅವ್ವ ಜರಡಿಯಲ್ಲಿ ಮರಳು ಉದುರಿಸಿ, ಬಿಸಿ ಪುರಿಯನ್ನು ನನ್ನ ಲಂಗದ ಮಡಿಲಿಗೆ ಸುರಿಯುತ್ತಿದ್ದಳು. ರುದ್ರಣ್ಣನವರನ್ನು ನಾನು ದೊಡ್ಡಪ್ಪ ಎನ್ನುತ್ತಿದ್ದೆ. ಅವರೂ ಸಂಜೆ ನಮ್ಮ ಹೊಸ್ತಿಲ ಮೇಲೆ ಕೂತು, ಅವ್ವ ಕೊಟ್ಟ ಪುರಿ ಮೆಲ್ಲುತ್ತ, "ಗಂಗಮ್ಮ, ಈ ಉರಿ ಇಲ್ದಿದ್ರೆ ನಮ್ಮನೇನೂ ತಣ್ಣಗಾಗೋಯ್ತದೆ ಕಣವ್ವ" ಎನ್ನುತ್ತಿದ್ದರು.

ರಸ್ತೆ ಅಗಲ ಮಾಡುತ್ತಾರೆಂಬ ಸುದ್ದಿ ಬಂತು. ಜಾಗದ ಮಾಲೀಕರಿಗೆ ಪರಿಹಾರ, ಬಾಡಿಗೆಗಿದ್ದವರಿಗೆ ಊರಾಚೆಯ ಬಡಾವಣೆಯಲ್ಲಿ ಮನೆ ಎಂದರು. ಅಪ್ಪ ಆಗಲೇ ಅಲ್ಲಿ ಭಟ್ಟಿ ಯಾವ ಮೂಲೆಗೆ ಹಾಕುವುದೆಂದು ಯೋಚಿಸತೊಡಗಿದ್ದ. ಅಳತೆಯವರು ಬರುವ ಹಿಂದಿನ ದಿನ ರುದ್ರಣ್ಣನವರು ಬಂದು, "ಭಟ್ಟಿ ನೋಡಿದ್ರೆ ಲೈಸೆನ್ಸ್ ಕೇಳ್ತಾರೆ, ಸುಮ್ನೆ ತೊಂದ್ರೆ. ಸಾಮಾನು ನಮ್ಮ ಅಟ್ಟದ ಮೇಲಿಟ್ಟು, ಎರಡು ದಿನ ಹೆಬ್ಬೂರಿಗೆ ಹೋಗ್ಬನ್ನಿ. ನಿಮ್ಮೆಸ್ರು ನಾನು ಬರೆಸ್ತೀನಿ" ಎಂದರು. ಹೆಬ್ಬೂರು ಅವ್ವನ ತವರು. ನಾವು ಹಬ್ಬಕ್ಕೆ ಹೋದಂತೆ ಹೋದೆವು.

ವಾಪಸು ಬಂದಾಗ ಒಳಗಿನ ಅಂಕಣದಲ್ಲಿ ಎರಡು ಎಮ್ಮೆ ಕಟ್ಟಿದ್ದವು. ನಾವು ಮಲಗುತ್ತಿದ್ದ ನೆಲದ ಮೇಲೆ ಸಗಣಿ. ಭಟ್ಟಿಯನ್ನು ಒಡೆದು, ಮೇಲೆ ಹುಲ್ಲು ಪೇರಿಸಿದ್ದರು. ದಾಖಲೆಯಲ್ಲಿ 'ದನದ ಕೊಟ್ಟಿಗೆ, ವಾಸವಿರುವವರು ಯಾರೂ ಇಲ್ಲ' ಎಂದಾಗಿತ್ತು. ಪರಿಹಾರದಲ್ಲಿ ಪಾಲು ಕೇಳುವ ಬಾಯಿ ಇರಬಾರದೆಂದು ಮಾಡಿದ ಕೆಲಸ ಅದು. ಅಪ್ಪ ಕೈಮುಗಿದು ಕೇಳಿದ. ದೊಡ್ಡಪ್ಪ ಬಾಗಿಲ ಹಿಂದಿನಿಂದಲೇ, "ಕೋರ್ಟಿಗೆ ಹೋಗು ಹೋಗ್ಲಾ" ಎಂದ. ಬಹುವಚನ ನನ್ನ ಮಟ್ಟಿಗೆ ಅಂದೇ ಮುಗಿಯಿತು.

ತುಮಕೂರಿನ ಅಂಚಿಗೆ, ಸತ್ಯಮಂಗಲದ ಒಂದು ಶೀಟಿನ ಕೋಣೆಗೆ ಬಂದೆವು. ಹೊಗೆ ಆಗುತ್ತದೆಂದು ವಠಾರದವರು ಭಟ್ಟಿ ಹಾಕಲು ಬಿಡಲಿಲ್ಲ. ಅವ್ವ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಅಪ್ಪನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬರಿಗೈಯಲ್ಲಿ ಕೂತು ಕೂತೇ ಸೊರಗಿ, ನಾನು ಹೈಸ್ಕೂಲು ಮುಗಿಸುವ ಮುಂಚೆ ತೀರಿಕೊಂಡ. ಅಂದು ಅವ್ವ ಅಳಲಿಲ್ಲ. "ಆ ರುದ್ರಣ್ಣ ಒಂದಿನ ನಮ್ ಬಾಗ್ಲಿಗೆ ಬರ್ತಾನೆ ಕಣೇ" ಎಂದಷ್ಟೇ ಅಂದಳು.

ಬಂದ. ನಾನು ಡಿಗ್ರಿ ಓದುತ್ತಿದ್ದೆ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಮುಖದಲ್ಲಿ ಹಳೆಯ ನಗು. ಪರಿಹಾರ ಸಾಲದೆಂದು ಕೇಸು ಹಾಕಿದ್ದ. ಬಾಡಿಗೆ ಹುಟ್ಟುತ್ತಿದ್ದ ಜಾಗವೆಂದು ರುಜುವಾತಾದರೆ ಹೆಚ್ಚು ಸಿಗುತ್ತಿತ್ತು. "ಅಲ್ಲೇ ಬಾಡಿಗೆಗಿದ್ವಿ ಅಂತ ಒಂದ್ ಮಾತು ಹೇಳ್ಬುಡು ಗಂಗಮ್ಮ" ಎಂದ. ನನಗೆ ಮೈ ಉರಿಯಿತು. ಅವ್ವ ಕಾಫಿ ಕೊಟ್ಟು, "ಬತ್ತೀನಿ ಬುಡಣ್ಣ" ಎಂದಳು.

ವಿಚಾರಣೆಯ ದಿನ ಅವ್ವ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಳು. ಜಡ್ಜ್ ಸಾಹೇಬರು, "ಅಲ್ಲಿ ಬಾಡಿಗೆಗೆ ಇದ್ರೇನಮ್ಮ?" ಎಂದು ಕೇಳಿದರು. ಅವ್ವ ರುದ್ರಣ್ಣನ ಮುಖವನ್ನೇ ನೋಡುತ್ತ, "ದನ ಕಟ್ತಿದ್ವಿ, ಯಾರೂ ಇರ್ನಿಲ್ಲ ಅಂತ ಇವ್ರೇ ಬರೆಸವ್ರಲ್ಲ ಸ್ವಾಮಿ. ದೊಡ್ಡೋರು ಸುಳ್ಳು ಹೇಳ್ತಾರಾ?" ಎಂದಳು. ಹಳೆಯ ಕಾಗದ ಹೊರಬಂತು. ಅವನ ಸಹಿ ಅವನನ್ನೇ ನುಂಗಿತು. ಮುದುಕ ಬೆಂಚು ಹಿಡಿದು ಕುಸಿದದ್ದನ್ನು ನಾನು ಕಣ್ತುಂಬ ನೋಡಿದೆ. ಕನಿಕರ ಆಗಲೂ ಹುಟ್ಟಲಿಲ್ಲ, ಈಗಲೂ ಇಲ್ಲ.

ಸಿಟಿ ಬಸ್ಸಿನಲ್ಲಿ ನಾನು ನಗುತ್ತಲೇ ಇದ್ದೆ. ಅವ್ವ ಮಾತ್ರ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಅತ್ತಲೇ ನೋಡುತ್ತ, "ನಡುಗಂಬದ ತಾವ ನಿನ್ ತೊಟ್ಲು ಕಟ್ಟಿದ್ವು ಕಣೇ" ಎಂದಳು. ಆಮೇಲೆ ದೀಪದ ಗೂಡು, ನೀರಿನ ಹಂಡೆ ಇಡುತ್ತಿದ್ದ ಕಟ್ಟೆ, ಅಪ್ಪ ಅಂಗಿ ಸಿಕ್ಕಿಸುತ್ತಿದ್ದ ಗೂಟ. ನಮ್ಮ ಸ್ಟಾಪು ಬರುವವರೆಗೂ, ಯಾರೂ ಇರಲಿಲ್ಲವೆಂದು ತಾನೇ ಹೇಳಿ ಬಂದ ಆ ಮನೆಯನ್ನು, ಅವ್ವ ಮೂಲೆ ಮೂಲೆಯಾಗಿ ಹೇಳುತ್ತಲೇ ಇದ್ದಳು.