ಖಾಜಾನ ಬಲಗೈ

ಖಾಜಾ, ಆ ದಿನ ನಿನ್ನ ಕೈ ನಡುಗಿರಲಿಲ್ಲ. ನಿನ್ನ ಮೌಸನ್ನು ಕೆಡಿಸಿದವನು ನಾನು.

ಇಷ್ಟು ಬರೆಯಲು ಇಷ್ಟು ವರ್ಷ ಹಿಡಿಯಿತು. ಕಂಪ್ಯೂಟರಿನಲ್ಲಿ ಆಟ ಆಡುವುದನ್ನೇ ಕಸುಬು ಮಾಡಿಕೊಂಡು ನೀನು ದೇಶ ದೇಶ ತಿರುಗಿದೆ. ಗೆದ್ದ ಕಪ್ಪುಗಳನ್ನು ಇಡಲು ಈಗ ನಿನ್ನ ಹೈದರಾಬಾದಿನ ಮನೆಯಲ್ಲಿ ಜಾಗ ಸಾಲುತ್ತಿಲ್ಲವಂತೆ. ಯಾರು ಮೈಕು ಹಿಡಿದರೂ ನೀನು ಎರಡು ಮಾತು ತಪ್ಪದೆ ಹೇಳುತ್ತೀ. ಬಳ್ಳಾರಿಯ ಮೊದಲ ಫೈನಲ್ ಸೋತದ್ದು ಅಪ್ಪನ ಅದಿರು ಲಾರಿ ಓಡಿಸಿ ಕೈ ಹಾಳಾಗಿದ್ದರಿಂದ, ಆ ಕೈಯನ್ನು ಮತ್ತೆ ಹದಕ್ಕೆ ತರಲು ವರ್ಷಗಳೇ ಬೇಕಾದವು — ಇದು ಒಂದು. ಸಿರುಗುಪ್ಪದ ಗೆಳೆಯ ವೀರೇಶನನ್ನು ಬಿಟ್ಟರೆ ನನ್ನ ಮೌಸನ್ನು ಬೇರೆ ಯಾರಿಗೂ ಮುಟ್ಟಗೊಟ್ಟಿಲ್ಲ — ಇದು ಇನ್ನೊಂದು. ಮೊದಲನೆಯದು ಸುಳ್ಳು, ಸುಳ್ಳೆಂದು ನಿನಗೇ ಗೊತ್ತಿಲ್ಲದ ಸುಳ್ಳು. ಎರಡನೆಯದು ನಿಜ, ಆ ವೀರೇಶ ನಾನೇ. ಅದನ್ನು ಕೇಳಿದಾಗಲೆಲ್ಲ ನಾನು ಮೊಬೈಲನ್ನು ಬೋರಲು ಹಾಕಿ ಎದ್ದು ಹೋಗುತ್ತೇನೆ.

ನೀನು ಮರೆತಿರಲಾರೆ, ಆದರೂ ಹೇಳುತ್ತೇನೆ — ನನಗೇ ನಾನು ಸರಿಯಾಗಿ ಹೇಳಿಕೊಳ್ಳಬೇಕಾಗಿದೆ. ಗಣಿಯ ಅಬ್ಬರದ ಕಾಲ ಅದು. ಬಳ್ಳಾರಿಯ ರಸ್ತೆಗಳಲ್ಲಿ ಅದಿರು ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಒಣಗಹಾಕಿದ ಬಿಳಿ ಅಂಗಿ ಸಂಜೆಗೆ ಕೆಂಪಾಗುತ್ತಿತ್ತು, ಮುಚ್ಚಿಟ್ಟ ಮೊಸರಿನ ಮೇಲೂ ಕೆಂಪು ಕೆನೆ. ಕೌಲ್ ಬಜಾರಿನಲ್ಲಿ ಟ್ರಂಕು ಮಾಡುವ ಅಂಗಡಿಯ ಮಾಳಿಗೆಯ ಮೇಲೆ ನಮ್ಮ ಗೇಮ್ ಸೆಂಟರ್ ಇತ್ತು. ಕೆಳಗೆ ತಗಡು ಬಡಿಯುವ ಸದ್ದು, ಮೇಲೆ ನಮ್ಮ ಗುಂಡಿನ ಸದ್ದು. ಇಬ್ಬರು ಎದುರಾಳಿಗಳು ಗೋಡೆಗಳ ಮರೆಯಲ್ಲಿ ಅಡಗಿ ಒಬ್ಬರನ್ನೊಬ್ಬರು ಹೊಡೆಯುವ ಆಟ.

ಆಗಿನ ಮೌಸುಗಳ ಹೊಟ್ಟೆಯಲ್ಲಿ ರಬ್ಬರಿನ ಗುಂಡೊಂದು ಇರುತ್ತಿತ್ತು. ಅದಕ್ಕೆ ತಾಗಿಕೊಂಡು ಎರಡು ಸಣ್ಣ ಉರುಳೆಗಳು. ಒಂದು ಮೇಲೆ ಕೆಳಗೆ, ಇನ್ನೊಂದು ಎಡಕ್ಕೆ ಬಲಕ್ಕೆ ಬಂದೂಕನ್ನು ತಿರುಗಿಸುತ್ತಿತ್ತು. ಬೇರೆ ಊರುಗಳಲ್ಲಿ ಅದನ್ನು ಯಾವಾಗಲೋ ಒಮ್ಮೆ ಬಿಚ್ಚಿ ಒರೆಸಿದರೆ ಮುಗಿಯಿತು. ನಮ್ಮಲ್ಲಿ ಅದಿರಿನ ಧೂಳು ಒಂದೇ ದಿನಕ್ಕೆ ಉರುಳೆಯ ಸುತ್ತ ಪಟ್ಟಿ ಕಟ್ಟಿಬಿಡುತ್ತಿತ್ತು. ಪಂದ್ಯಕ್ಕೆ ಕೂರುವವನು ತಾನೇ ಒರೆಸಿಕೊಂಡರೆ ಸ್ಪಿರಿಟ್ ತಾಗಿ ಬೆರಳ ತುದಿ ಜಡವಾಗುತ್ತದೆ ಎಂದು ನಮ್ಮ ಸೆಂಟರಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಅವನ ಮೌಸನ್ನು ಅವನ ಜೋಡಿಯೇ ಬಿಚ್ಚಿ, ಹತ್ತಿಯಿಂದ ಒರೆಸಿ, ಕೈಗೆ ಕೊಡಬೇಕು. ಕೊಟ್ಟಮೇಲೆ ಅದನ್ನು ತಿರುವಿ ನೋಡುವುದು ಜೋಡಿಗೆ ಮಾಡುವ ಅವಮಾನ. ನಿನಗೆ ನಾನು ಒರೆಸುತ್ತಿದ್ದೆ, ನನಗೆ ನೀನು.

"ಈರೇಶ, ನೀ ಒರಸಿ ಕೊಟ್ರ ಬೆಣ್ಣಿ ಆಕ್ಕತಿ ಲೇ" ಎಂದು ನೀನು ಹೇಳುತ್ತಿದ್ದೆ.

ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದು ಯಾವಾಗ ಎಂದು ಬಹಳ ಹುಡುಕಿದ್ದೇನೆ. ಕಾಲೇಜು ಕಲಿಯಲೆಂದು ಸಿರುಗುಪ್ಪದಿಂದ ಬಂದು ಅತ್ತೆಯ ಮನೆಯಲ್ಲಿದ್ದವನು ನಾನು. ಅಪ್ಪನ ಅಕ್ಕಿ ಗಿರಣಿಯ ದೆಸೆಯಿಂದ ನನ್ನ ಕೋಣೆಯಲ್ಲೇ ಸ್ವಂತ ಕಂಪ್ಯೂಟರ್ ಇತ್ತು. ನಿನಗೆ ಸೆಂಟರಿನಲ್ಲಿ ಸಿಕ್ಕಷ್ಟೇ ಹೊತ್ತು. ನಾನು ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಅಭ್ಯಾಸ ಮಾಡಿ, ಕಣ್ಣು ಕೆಂಪು ಮಾಡಿಕೊಂಡು ಬರುತ್ತಿದ್ದೆ. ನೀನು ಚಹಾ ಕುಡಿದು, ಕೈ ಒರೆಸಿಕೊಂಡು ಕೂತು — ಹೊಡೆದೇಬಿಡುತ್ತಿದ್ದೆ. ಹೇಗೆ ಹೊಡೆದೆ ಎಂದು ಕೇಳಿದರೆ ನಿನಗೂ ಗೊತ್ತಿರಲಿಲ್ಲ. ಅದೇ ನನಗೆ ತಡೆಯಲಾಗದ್ದು. ಗೊತ್ತಿದ್ದರೆ ಕಲಿಯಬಹುದಿತ್ತು, ಕದಿಯಲಾದರೂ ಬರುತ್ತಿತ್ತು.

ಆ ಪಂದ್ಯಾವಳಿ ನಡೆದದ್ದು ಬಳ್ಳಾರಿಯ ಮದುವೆ ಮಂಟಪವೊಂದರಲ್ಲಿ. ಹೈದರಾಬಾದಿನ ತಂಡವೊಂದರವರು ಬಂದಿದ್ದರು, ಗೆದ್ದವನನ್ನು ಕರೆದುಕೊಂಡು ಹೋಗುವುದಾಗಿ ಹೇಳಿದ್ದರು. ಸೆಮಿಫೈನಲಿನಲ್ಲಿ ಎದುರಾದವರು ನಾನು ಮತ್ತು ನೀನು. ನೀನು ಗೆದ್ದೆ, ಅದು ನಿರೀಕ್ಷಿಸಿದ್ದೇ. ಆದರೆ ನಾನು ಸತತವಾಗಿ ಸೋಲುತ್ತಿದ್ದಾಗ ನೀನೊಂದು ಕೆಲಸ ಮಾಡಿದೆ — ಒಂದು ಸುತ್ತಿನಲ್ಲಿ ಗೋಡೆಯ ಮರೆಯಿಂದ ಈಚೆ ಬಂದು ಸುಮ್ಮನೆ ನಿಂತೆ. ನಾನು ಹೊಡೆಯಲಿ ಎಂದು. ನನ್ನ ಮರ್ಯಾದೆ ಉಳಿಯಲಿ ಎಂದು. ನಾನು ಹೊಡೆದೆ, ಜನ ಚಪ್ಪಾಳೆ ತಟ್ಟಿದರು. ನೀನು ನನ್ನ ಕಡೆ ತಿರುಗಿ ನಕ್ಕೆ. ಸೋತದ್ದನ್ನು ಮರೆಯುತ್ತಿದ್ದೆನೇನೋ, ಆ ನಗುವನ್ನು ಮಾತ್ರ — ಇವತ್ತಿಗೂ ಆಗಿಲ್ಲ.

ಎದ್ದು ಬರುವಾಗ ಹೈದರಾಬಾದಿನವರಲ್ಲಿ ಒಬ್ಬ ಇನ್ನೊಬ್ಬನಿಗೆ ತೆಲುಗಿನಲ್ಲಿ "ಆ ಅಬ್ಬಾಯಿ ಚೆಯ್ಯಿ ಚೂಡು" ಎಂದ. ಆ ಹುಡುಗನ ಕೈ ನೋಡು, ಎಂದು. ನಾನು ಅವರ ಪಕ್ಕದಲ್ಲೇ ಹಾದುಹೋಗುತ್ತಿದ್ದೆ. ನನ್ನನ್ನು ಅವರು ನೋಡಲೂ ಇಲ್ಲ.

ಆಮೇಲೆ ನೀನು ಫೈನಲಿಗೆ ಒರೆಸಿಕೊಡು ಎಂದು ಮೌಸನ್ನು ನನ್ನ ಕೈಗಿಟ್ಟೆ. ನಾನು ಮಂಟಪದ ಹಿಂದಿನ, ಊಟದ ಸಾಮಾನು ಇಡುವ ಕೋಣೆಗೆ ಹೋದೆ. ಅಲ್ಲಿ ಒಂದು ಉರುಳೆಯನ್ನು ಒರೆಸಿದೆ. ಇನ್ನೊಂದನ್ನು ಒರೆಸದೆ ಬಿಟ್ಟೆ.

ಹೀಗೆಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡು ಬಂದೆ — ಒರೆಸದೆ ಬಿಟ್ಟೆ, ಅಷ್ಟೇ, ಮರೆತೆ ಎಂದರೂ ನಡೆಯುತ್ತದೆ ಎಂದು. ಆದರೆ ಇಲ್ಲಿಯೂ ಸುಳ್ಳು ಬರೆದರೆ ಬರೆದು ಏನು ಬಂತು? ಖಾಜಾ, ನಾನು ಒರೆಸದೆ ಬಿಡಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಕೆಂಪು ಧೂಳು ಕೂತಿತ್ತು. ನನ್ನ ತಲೆಗೂದಲಲ್ಲಿ ಬೆರಳಾಡಿಸಿ ಎಣ್ಣೆ ಹಚ್ಚಿಕೊಂಡೆ, ಆ ಬೆರಳನ್ನು ಧೂಳಿನಲ್ಲಿ ಒತ್ತಿದೆ, ಎಡಬಲದ ಉರುಳೆಗೆ ಸವರಿದೆ. ಎಣ್ಣೆಯಲ್ಲಿ ಕಲಸಿದ ಧೂಳು ಮೊದಲು ಜಾರುತ್ತದೆ, ಆಮೇಲೆ ಹಿಡಿಯುತ್ತದೆ — ಇದು ಬಳ್ಳಾರಿಯ ಹುಡುಗರಿಗೆ ಮಾತ್ರ ಗೊತ್ತಿದ್ದ ವಿದ್ಯೆ. ಮುಚ್ಚಳ ಹಾಕಿ, ಅಂಗಿಗೆ ಕೈ ಒರೆಸಿಕೊಂಡು, ಮೌಸನ್ನು ತಂದು ನಿನ್ನ ಕೈಗೆ ಕೊಟ್ಟೆ. ಪದ್ಧತಿಯಂತೆ ನೀನು ತಿರುವಿ ನೋಡಲಿಲ್ಲ.

ಮೊದಲ ಸುತ್ತುಗಳನ್ನು ನೀನು ಗೆದ್ದೆ. ಆಮೇಲೆ ನೀನು ತಿರುಗಿದಲ್ಲಿ ಬಂದೂಕು ತಿರುಗಲಿಲ್ಲ. ಗುಂಡೆಲ್ಲ ಗೋಡೆಗೆ. ನೀನು ಬೆರಳುಗಳನ್ನು ಮತ್ತೆ ಮತ್ತೆ ಮಡಚಿ ಬಿಚ್ಚಿದೆ. ಆಗ ನನಗೆ ಏನನ್ನಿಸಿತು ಎಂದು ಹೇಳಿಬಿಡುತ್ತೇನೆ. ಖುಷಿಯಾಯಿತು. ಎದೆ ತಣ್ಣಗಾಯಿತು. ನೀನು ಸೋತು ಎದ್ದಾಗ ನಿನ್ನ ಹೆಗಲ ಮೇಲೆ ಕೈ ಹಾಕಿದವನೂ ನಾನೇ, ಕಟ್ಟಿಡುವ ನೆಪದಲ್ಲಿ ಮೌಸನ್ನು ಅದೇ ಕೋಣೆಗೆ ಒಯ್ದು ಎರಡೂ ಉರುಳೆಗಳನ್ನು ಫಳಫಳ ಎನ್ನುವಂತೆ ಒರೆಸಿದವನೂ ನಾನೇ.

ಮರುದಿನ ಸೆಂಟರಿನಲ್ಲಿ ಅದೇ ಮೌಸು ಹಿಡಿದು ನೀನು ಪರೀಕ್ಷೆ ಮಾಡಿದೆ. ಅದು ಬೆಣ್ಣೆಯಂತೆ ಓಡಿತು. "ಮೌಸ್ ಸರಿ ಐತಿ ಲೇ. ಹಂಗಾದ್ರ ನನ್ನ ಕೈನ ಹೋತೇನು?" ಎಂದು ನನ್ನನ್ನೇ ಕೇಳಿದೆ.

ಇಲ್ಲ ಅನ್ನಬಹುದಿತ್ತು. ಅಥವಾ ಸುಮ್ಮನಾದರೂ ಇರಬಹುದಿತ್ತು. ಪಂದ್ಯದ ಹಿಂದಿನ ವಾರ ನಿನ್ನ ಅಬ್ಬಾ ಹುಸೇನ್ ಚಾಚಾ, ಜೊತೆಗೆ ಬರಲು ಕ್ಲೀನರ್ ಯಾರೂ ಸಿಗದೆ, ನಿನ್ನನ್ನು ತಮ್ಮ ಅದಿರು ಲಾರಿಯ ಮೇಲೆ ಕರೆದುಕೊಂಡು ಹೋಗಿದ್ದರು, ದಾರಿಯಲ್ಲಿ ನಿನ್ನ ಆಸೆಗೆ ಸ್ಟೇರಿಂಗ್ ಕೊಟ್ಟಿದ್ದರು. ಆಸೆ ನಿನ್ನದು, ಅವರದಲ್ಲ. ಅದು ಗೊತ್ತಿದ್ದೂ ನಾನು ಅಂದೆ — "ಒಂದು ವಾರ ಆ ಸ್ಟೇರಿಂಗ್ ಹಿಡದು ಜಗ್ಯಾಡೀದಿ. ನಿನ್ನ ಕೈ ಏನು ಕಬ್ಬಿಣದ್ದಾ? ಚಾಚಾಗ ಅಷ್ಟೂ ತಿಳಿಬಾರದೇನು?"

ಧೂಳಿಗಿಂತ ಈ ಮಾತು ದೊಡ್ಡ ಪಾಪ. ಧೂಳು ಒಂದು ಪಂದ್ಯ ಕೆಡಿಸಿತು, ಇದು ಮನೆಯನ್ನೇ ಕೆಡಿಸಿತು.

ನೀನು ಮೆಟ್ಟಿಲಿಳಿದು ನೇರ ಮನೆಗೆ ಹೋದೆ, ನಾನು ಹಿಂದೆಯೇ ಬಂದೆ. ಚಾಚಾ ಬಾಗಿಲ ಮುಂದೆ ಲಾರಿಯ ಗಾಜು ಒರೆಸುತ್ತಿದ್ದರು. "ನಿನ್ನ ಲಾರಿ ನನ್ನ ಕೈ ತಿಂತು ಅಬ್ಬಾ! ಇನ್ನ ನೀನೂ ಬ್ಯಾಡ, ನಿನ್ನ ಲಾರಿನೂ ಬ್ಯಾಡ" ಎಂದು ಓಣಿಯವರೆಲ್ಲ ಕೇಳುವಂತೆ ಕೂಗಿದೆ. ಚಾಚಾ ಒರೆಸುವ ಬಟ್ಟೆಯನ್ನು ಕೆಳಗಿಟ್ಟರು. ನಿನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡಿದರು. ನೀನು ಕಿತ್ತುಕೊಂಡು ಹೊರಟೆ, ಮತ್ತೆ ಆ ಮನೆಗೆ ಬರಲಿಲ್ಲ.

ಊರಿನವರೆಲ್ಲ ಲಾರಿ ಕೊಳ್ಳಲು ಮುಗಿಬಿದ್ದಿದ್ದಾಗ ಚಾಚಾ ಇದ್ದ ಲಾರಿಯನ್ನು ಬಿಟ್ಟುಕೊಟ್ಟರು. ತಲೆ ಕೆಟ್ಟಿದೆ ಎಂದರು ಜನ. ಕುರುಗೋಡಿಗೆ ಹೋಗಿ ಬಸ್ ನಿಲ್ದಾಣದ ಹತ್ತಿರ ಪಂಕ್ಚರ್ ಅಂಗಡಿ ಇಟ್ಟರು. ನೀನು ಹೈದರಾಬಾದಿನಲ್ಲಿ ಯಾರದೋ ಸೆಂಟರಿನಲ್ಲಿ ಕಸ ಗುಡಿಸುತ್ತ ಮತ್ತೆ ಮೊದಲಿನಿಂದ ಶುರುಮಾಡಿ, ಮೇಲೆ ಬಂದೆ. ನನಗೆ ಆಟ ಅಲ್ಲಿಗೇ ನಿಂತಿತು. ಗಿರಣಿಗೆ ಬಂದು ಕೂತೆ. ನಿನ್ನ ಒಂದು ಪಂದ್ಯವನ್ನೂ ನೋಡದೆ ಬಿಟ್ಟಿಲ್ಲ, ಖಾಜಾ. ಅಭಿಮಾನದಿಂದಲ್ಲ. ಪ್ರತಿಯೊಂದು ಫೈನಲಿನಲ್ಲೂ ನೀನು ಸೋಲಲಿ ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಿರುತ್ತಿದ್ದೆ. ಒಮ್ಮೆ ತಾನಾಗಿ ಸೋತರೆ — ಅಂದೂ ಹಾಗೇ ಸೋಲುತ್ತಿದ್ದ, ನನ್ನದೇನಿಲ್ಲ, ಅಂದುಕೊಳ್ಳಬಹುದಿತ್ತಲ್ಲ! ನೀನು ಆ ಉಪಕಾರವನ್ನೂ ಮಾಡಲಿಲ್ಲ.

ಅಕ್ಕಿಯ ವ್ಯಾಪಾರಕ್ಕೆಂದು ಕುರುಗೋಡಿಗೆ ಹೋದಾಗ ಚಾಚಾ ನನ್ನನ್ನು ಗುರುತು ಹಿಡಿದರು. ಆಮೇಲೆ ಹೋದಾಗಲೆಲ್ಲ ಕೂರಿಸಿಕೊಂಡು ಚಹಾ ತರಿಸುತ್ತಿದ್ದರು. ನಿನ್ನ ಪಂದ್ಯ ತೋರಿಸಲು ಹೇಳುತ್ತಿದ್ದರು. ಮೊಬೈಲಿನಲ್ಲಿ ಆಟ ಪರದೆಯ ತುಂಬ ನಡೆಯುತ್ತದೆ, ಕೆಳಗೆ ಮೂಲೆಯ ಸಣ್ಣ ಚೌಕದಲ್ಲಿ ಆಟಗಾರನ ಕೈ ಕಾಣುತ್ತದೆ. ಚಾಚಾ ನೋಡುತ್ತಿದ್ದುದು ಆ ಚೌಕವನ್ನು ಮಾತ್ರ. ಕನ್ನಡಕವನ್ನು ಮೂಗಿನ ತುದಿಗೆ ಎಳೆದು, "ಈರೇಶ, ನೀ ಆಟ ಬಲ್ಲಾಂವ. ನೋಡಿ ಹೇಳು, ಕೈ ನಡುಗ್ತೈತೇನು?" ಎನ್ನುತ್ತಿದ್ದರು.

"ಇಲ್ರಿ ಚಾಚಾ" ಎನ್ನುತ್ತಿದ್ದೆ. ಹಾಗೆಂದು ಎದ್ದು ಬರುತ್ತಿದ್ದೆ.

ಯಾಕೆ ಹೇಳಲಿಲ್ಲ? ಹೆದರಿಕೆ ಇತ್ತು, ಇರಲಿ. ಅದಕ್ಕಿಂತ ನಾಚಿಕೆಗೇಡಿನದು ಇನ್ನೊಂದಿದೆ. ನನ್ನ ಅಪ್ಪ ನನಗೆ ಕಂಪ್ಯೂಟರ್ ಕೊಡಿಸಿದವರು, ನನ್ನ ಆಟವನ್ನು ಒಂದು ದಿನವೂ ಪಕ್ಕದಲ್ಲಿ ನಿಂತು ನೋಡಿದವರಲ್ಲ. ನಿನಗೋ — ಮಾತು ಬಿಟ್ಟು ದೂರವಾದರೂ ನಿನ್ನ ಕೈಯನ್ನೇ ನೋಡುತ್ತ ಕೂತಿರುವ ಅಪ್ಪ. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಅಷ್ಟನ್ನಾದರೂ ನೀನು ಕಳೆದುಕೊಂಡಿರು ಎಂದು — ಹೌದು, ಹಾಗೆಯೇ ಅಂದುಕೊಂಡೆ.

ಮೊನ್ನೆ ಹೋದಾಗ ಚಾಚಾಗೆ ಒಂದು ಕಣ್ಣು ಮಂಜಾಗಿತ್ತು. ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದುಮಿ, ಗುಳ್ಳೆ ಎಲ್ಲಿ ಏಳುತ್ತದೆಂದು ಮುಖವನ್ನು ನೀರಿಗೇ ಹಚ್ಚಿ ನೋಡುತ್ತಿದ್ದರು. "ಇನ್ನ ಭಾಳ ದಿನ ಕಾಣಂಗಿಲ್ಲಪಾ. ಅಷ್ಟರಾಗ ಅವನ ಕೈ ಪೂರಾ ಸರಿ ಆಗೇತಿ ಅಂತ ಒಮ್ಮಿ ನೋಡಬೇಕು" ಎಂದರು.

ಹೇಳಿಬಿಟ್ಟೆ. "ಲಾರಿಯಿಂದ ಅಲ್ರಿ ಚಾಚಾ. ನಾನ ಮೌಸಿನಾಗ ಧೂಳ ಹಚ್ಚಿದ್ದೆ. ಲಾರಿಯಿಂದ ಅಂತ ಅವಗ ಹೇಳಿದಾಂವನೂ ನಾನ."

ಅವರು ಟ್ಯೂಬು ತಿರುಗಿಸುವುದನ್ನು ನಿಲ್ಲಿಸಿದರು.

"ನನ್ನ ಲಾರಿಯಿಂದ ಏನೂ ಆಗಿರಲಿಲ್ಲ?"

"ಇಲ್ರಿ."

"ಅವನ ಕೈ ಚಲೋ ಇತ್ತು?"

"ಚಲೋ ಇತ್ರಿ."

ಟ್ಯೂಬನ್ನು ನೀರಿನಿಂದ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ನನ್ನ ಮುಖ ನೋಡದೆ ಅಂದರು — "ಇದನ್ನ ನೀನ ಅವಗ ಹೇಳು. ನಾ ಹೇಳಿದ್ರ ನಂಬಂಗಿಲ್ಲ. ಏಳು ಇಲ್ಲಿಂದ."

ಅದಕ್ಕೇ ಇದನ್ನು ಬರೆದೆ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಿದರೆ ಅದೂ ಒಂದು ಆಟವಾಗುತ್ತದೆ, ನೀನು ಮತ್ತೆ ಗೋಡೆಯ ಮರೆಯಿಂದ ಈಚೆ ಬಂದು ನನ್ನೆದುರು ನಿಂತುಬಿಡುತ್ತೀ. ಬೇಡ. ಇನ್ನು ಮೈಕು ಹಿಡಿದಾಗ ನನ್ನ ಹೆಸರು ಹೇಳಬೇಡ. ಸಿರುಗುಪ್ಪಕ್ಕೆ ಬರಬೇಡ, ಕುರುಗೋಡಿಗೆ ಹೋಗು. ಆ ಕಣ್ಣಿಗೆ ಬೆಳಕಿರುವಾಗಲೇ ಹೋಗು.

ಇನ್ನೊಂದು ಹೇಳುವುದಿದೆ. ಮೊನ್ನೆ ನಾನು ಅಂಗಡಿಯಿಂದ ಎದ್ದು ರಸ್ತೆಗೆ ಬಂದಿದ್ದೆ. ಚಾಚಾ ಹಿಂದಿನಿಂದ ಕರೆದರು. ಕೈಯನ್ನು ಲುಂಗಿಗೆ ಒರೆಸಿಕೊಂಡು, ನನ್ನ ಮೊಬೈಲಿಗೆ ಕೈ ಚಾಚಿದರು. "ಹಚ್ಚು" ಎಂದರು. ನಿನ್ನ ಹೊಸ ಪಂದ್ಯ ಹಚ್ಚಿದೆ. ಚಾಚಾ ಪರದೆಯನ್ನು ಕಣ್ಣಿನ ಹತ್ತಿರ ತಂದುಕೊಂಡರು. ಇಷ್ಟು ವರ್ಷದಲ್ಲಿ ಎಂದೂ ಕೇಳದ ಪ್ರಶ್ನೆಯನ್ನು ಕೇಳಿದರು.

"ಇದ್ರಾಗ ನನ್ನ ಮಗ ಯಾವಾಂವ?"

"ಅಗೋ, ಆ ಗ್ವಾಡಿ ಹಿಂದ ಕುಂತಾನಲ್ರಿ, ಅವನ" ಎಂದು ಬೆರಳಿಟ್ಟು ತೋರಿಸಿದೆ. ಆ ಆಟ ಮುಗಿಯುವವರೆಗೂ ಚಾಚಾ ನಿನ್ನ ಕೈ ಇದ್ದ ಮೂಲೆಯ ಕಡೆ ನೋಡಲೇ ಇಲ್ಲ.